ಮೂರು ಸೀನಿನ ಮನೆತನ

ಬ್ಯಾಡಗಿಯಲ್ಲಿ ಸೀನಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ, ಗುರುವಾರ ಬಂತೆಂದರೆ ಮೆಣಸಿನಕಾಯಿ ಚೀಲ ಮಾರುಕಟ್ಟೆ ತುಂಬಿ ರಸ್ತೆಗೆ ಬರುತ್ತದೆ, ಘಾಟು ರಸ್ತೆ ತುಂಬಿ ಬಸ್‌ಸ್ಟ್ಯಾಂಡಿಗೆ ಬರುತ್ತದೆ. ಬಸ್ಸು ಇಳಿಯುವವರು ಸೀನುತ್ತಾರೆ, ಹತ್ತುವವರು ಸೀನುತ್ತಾರೆ, ನಡುವೆ ಸಿಕ್ಕ ಕಂಡಕ್ಟರು ಒಂದು ಸೀನು ಮುಗಿಸಿಯೇ 'ರೈಟ್' ಅನ್ನುತ್ತಾನೆ. ಸೀನದೆ ಓಡಾಡುವವರು ಹಮಾಲರು ಮಾತ್ರ. ಅವರ ಮೂಗು ಎಂದೋ ಊರಿನೊಡನೆ ರಾಜಿ ಮಾಡಿಕೊಂಡಿದೆ. ಹೊರಡುವಾಗ ಸೀನಿದರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ ಉಳಿದ ಊರುಗಳಲ್ಲಿ ಇದ್ದೀತು. ಇಲ್ಲಿ ಅದನ್ನು ಪಾಲಿಸಿದ್ದರೆ ಒಂದು ಲಾಟ್ ಮಾಲೂ ಮಾರಾಟವಾಗುತ್ತಿರಲಿಲ್ಲ.

ನಮ್ಮ ಮನೆಯ ಸೀನು ಮಾತ್ರ ಬೇರೆ ಜಾತಿಯದು. ಅದಕ್ಕೆ ಮೆಣಸಿನಕಾಯಿ ಬೇಡ, ನೆಗಡಿ ಬೇಡ, ನಶ್ಯವಂತೂ ಬೇಡವೇ ಬೇಡ. ಒಳಗಿನ ಕತ್ತಲಿನಿಂದ ಬಿಸಿಲಿಗೆ ಕಾಲಿಟ್ಟರೆ ಸಾಕು. ಒಂದಲ್ಲ, ಎರಡಲ್ಲ, ಲೆಕ್ಕ ಹಾಕಿ ಮೂರು. ನಮ್ಮಜ್ಜ ಬೆಳಗ್ಗೆ ನಡುಮನೆಯಿಂದ ಎದ್ದು, ದನದ ಕೊಟ್ಟಿಗೆ ದಾಟಿ, ತಲಬಾಗಿಲಿನ ಹೊರಗೆ ನಿಂತು ಮೂಡಣಕ್ಕೆ ಮುಖ ಮಾಡಿದ ಕೂಡಲೇ ಓಣಿಗೆಲ್ಲ ಕೇಳುವಂತೆ ಮೂರು ಸೀನು ಹೊಡೆಯುತ್ತಿದ್ದ. ಗಡಿಯಾರವಿಲ್ಲದ ಮನೆಗಳಲ್ಲಿ ಆ ಹೊತ್ತಿಗೆ ಚಹಾದ ನೀರು ಇಡುತ್ತಿದ್ದರು.

ಶಕುನ ಬಲ್ಲವರು ಒಂಟಿ ಸೀನು ಕೆಡುಕು, ಜೋಡಿ ಸೀನು ಒಳಿತು ಎನ್ನುತ್ತಾರೆ. ಮೂರಕ್ಕೆ ಅವರಲ್ಲೂ ಉತ್ತರವಿಲ್ಲ. ಅಜ್ಜನ ಉತ್ತರ ಸಿದ್ಧವಿತ್ತು: “ಮೊದಲನೇದು ಕೆಡಕು. ಎರಡನೇದು ಅದನ್ನ ಹೊಡದ ಹಾಕ್ತು. ಮೂರನೇದು ನಂದು.”

ಬಿಸಿಲಿಗೆ ಸೀನು ಬರುವುದೇಕೆ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಹೆಸರಿನ ಗ್ರಂಥವೊಂದು ಕೇಳಿದೆಯಂತೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್, ಕಣ್ಣು ಮುಚ್ಚಿಕೊಂಡು ಸೂರ್ಯನ ಕಡೆ ತಿರುಗಿದರೆ ಸೀನು ಬರುವುದಿಲ್ಲ ಎಂದು ಗಮನಿಸಿದ. ಕಾರಣ ಬಿಸಿಯಲ್ಲ, ಬೆಳಕು ಎಂದಾಯಿತು. ಇದೆಲ್ಲ ನನಗೆ ತಿಳಿದದ್ದು ಇತ್ತೀಚೆಗೆ, ಅಕ್ಕನ ಮಗಳಿಂದ. ಅಕ್ಕನನ್ನು ಕೊಟ್ಟದ್ದು ರಾಣೆಬೆನ್ನೂರಿಗೆ. ಆಕೆಯ ಮಗಳು ಅಲ್ಲೇ ಹತ್ತಿರದ ಹನುಮನಮಟ್ಟಿ ಕೃಷಿ ಕಾಲೇಜಿನಲ್ಲಿ ಓದಿದವಳು. ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕೂಸನ್ನು ಮೊದಲ ಸಲ ಅಂಗಳದ ಬಿಸಿಲಿಗೆ ತಂದಾಗ, ಕಡಲೆಕಾಳಿನಷ್ಟು ಮೂಗಿನಿಂದ ಅದು ಮೂರು ಸೀನು ಸೀನಿತು. ಬೀಗರು “ದೃಷ್ಟಿ ಆಗೇತ್ರಿ” ಎಂದು ಉಪ್ಪು ಮೆಣಸಿನಕಾಯಿ ತರಲು ಓಡಿದರು. ಅಕ್ಕನ ಮಗಳು ಮಾತ್ರ ಹಣೆ ಬಡಿದುಕೊಂಡು ನಕ್ಕಳು: “ದೃಷ್ಟಿ ಅಲ್ಲ ಮಾಮಾ. ಇದು ಮುತ್ತಜ್ಜಂದು. ಪೆನ್ನು ಕೊಡ್ರಿ.”

ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅವಳು ನಮ್ಮ ವಂಶವನ್ನು ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಸೀನುವವರ ಚೌಕಕ್ಕೆ, ಸೊನ್ನೆಗೆ ಮಸಿ ತುಂಬಿದಳು. ಅಜ್ಜನಿಗೆ ಮಸಿ. ಅಜ್ಜಿ ಖಾಲಿ. ಅಪ್ಪನಿಗೆ ಮಸಿ, ಅತ್ತಿಗೆ ಮಸಿ, ಕಾಕಾ ಖಾಲಿ. ನನಗೂ ಅಕ್ಕನಿಗೂ ಮಸಿ. ತಮ್ಮ ಖಾಲಿ, ಅವನು ನೆತ್ತಿಯ ಸೂರ್ಯನನ್ನು ನೋಡಿಯೂ ಗೋಡೆಯ ಹಾಗೆ ನಿಲ್ಲುತ್ತಾನೆ. ನನ್ನ ಮಕ್ಕಳಲ್ಲಿ ಮಗ ಖಾಲಿ, ಮಗಳಿಗೆ ಮಸಿ, ಆಕೆಯ ಕೂಸಿಗೆ ಈಗಷ್ಟೇ ಮಸಿ. ಅಕ್ಕ ಪಕ್ಕದಲ್ಲಿ ಕೂತು, “ಕಾಕಾಗ ಯಾಕ ಇಲ್ಲ? ಪಾಪ, ಅವಗೂ ಸ್ವಲ್ಪ ಹಚ್ಚ,” ಎಂದು ಪಂಕ್ತಿಭೇದವಾದಂತೆ ನೊಂದುಕೊಂಡಳು.

ಆಮೇಲೆ ನಡೆದದ್ದು ಪೊಲೀಸು ತನಿಖೆ. ಮನುಷ್ಯನ ಹೆಚ್ಚುಕಡಿಮೆ ಒಂದೊಂದು ಜೀವಕೋಶದಲ್ಲೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅವ್ವನದು, ಒಂದು ಅಪ್ಪನದು. ಇವುಗಳಲ್ಲಿ ಒಂದು ಜೊತೆಗೆ ಗಂಡು ಹೆಣ್ಣಿನ ಉಸಾಬರಿ: ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ನಮ್ಮ ಸೀನು ವೈ ಮೇಲೆ ಕೂತು ಬಂದಿದ್ದರೆ ಅತ್ತಿಗೂ ಅಕ್ಕನಿಗೂ ಬರುವಂತಿರಲಿಲ್ಲ, ಹೆಣ್ಣುಮಕ್ಕಳಿಗೆ ವೈ ಸಿಕ್ಕುವುದೇ ಇಲ್ಲ. ಎಕ್ಸ್ ಮೇಲೆ ಕೂತಿದ್ದರೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬರುವಂತಿರಲಿಲ್ಲ, ಅಪ್ಪನಾದವನು ಮಗನಿಗೆ ಕೊಡುವುದು ವೈ ಮಾತ್ರ. “ಹಂಗಾದ್ರ ಇಬ್ಬರೂ ಬಿಡುಗಡೆ. ಕಳ್ಳ ಉಳದ 22 ಜೊತ್ಯಾಗ ಅದಾನ,” ಎಂದಳು ಸೊಸಿ.

ಈ ಸೀನಿಗೆ ವೈದ್ಯರು ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿಟ್ಟಿದ್ದಾರೆ. ಅದರ ಮೊದಲಕ್ಷರಗಳನ್ನು ಜೋಡಿಸಿದರೆ 'ಆಛೂ' ಆಗುತ್ತದೆ. ಆ ಆಛೂದ ಮೊದಲ 'ಆ' ಎಂದರೆ 'ಆಟೋಸೋಮಲ್', ಅಂದರೆ ಆ 22 ಜೊತೆಗೆ ಸೇರಿದ್ದು. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಕಾಣಿಸಿಕೊಳ್ಳುತ್ತದೆ. ಪ್ರತಿ ಮಗುವಿಗೂ ಬರುವ ಸಂಭವ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಕಾಕಾನ ನಾಣ್ಯ ಬೋರಲು ಬಿದ್ದಿತ್ತು.

ಆ 22 ಜೊತೆಯ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಕನ್ನಡದಲ್ಲಿ ಅವನ್ನು ಅಲಿಂಗ ವರ್ಣತಂತು, ಲಿಂಗೇತರ ವರ್ಣತಂತು ಎಂದೆಲ್ಲ ಕರೆಯುತ್ತಾರೆ. ಏನು ಅಲ್ಲ ಎಂಬುದನ್ನೇ ಹೆಸರು ಮಾಡಿ ಕೊಟ್ಟುಬಿಟ್ಟಿದ್ದಾರೆ. ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಕಲಿಸಿದ ನನಗೆ ಇಂಥ ಹೆಸರು ಹೊಸದಲ್ಲ. ನಮ್ಮಲ್ಲಿ 'ಬೋಧಕೇತರ ಸಿಬ್ಬಂದಿ' ಎಂಬುವರಿದ್ದರು. ಗಂಟೆ ಹೊಡೆಯುವವರು, ಫೀ ಕಟ್ಟಿಸಿಕೊಳ್ಳುವವರು, ಅಂಕಪಟ್ಟಿ ಬರೆಯುವವರು, ಕೋಣೆಯ ಬೀಗದ ಕೈ ಎಲ್ಲಿದೆ ಎಂದು ಬಲ್ಲವರು. ನಾವು ಬೋಧಕರು ಒಂದು ದಿನ ರಜೆ ಹಾಕಿದರೆ ಹುಡುಗರು ಸಂತೋಷಪಡುತ್ತಿದ್ದರು. ಬೋಧಕೇತರರು ರಜೆ ಹಾಕಿದರೆ ಶಾಲೆಯ ಬಾಗಿಲೇ ತೆರೆಯುತ್ತಿರಲಿಲ್ಲ. ಈ 22 ಜೊತೆಗಳದೂ ಅದೇ ಪಾಡು. ರಕ್ತದ ಗುಂಪು ಯಾವುದು ಎಂಬುದು 9ನೆಯದರಲ್ಲಿದೆ. ಸೀನಿನ ಸುಳಿವು 2ನೆಯದರಲ್ಲಿ ಸಿಕ್ಕಿದ್ದು 2010ರಲ್ಲಿ. ಅತಿ ದೊಡ್ಡದಾದ 1ನೆಯದೊಂದರಲ್ಲೇ ಸುಮಾರು 2 ಸಾವಿರ ಜೀನುಗಳಿದ್ದರೆ ವೈ ಹೊತ್ತಿರುವುದು ನೂರರ ಆಸುಪಾಸು. ಆದರೂ ಕೂಸು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು? “9ನೇದು ಹೆಂಗ ಐತ್ರಿ?” ಎಂದು ಯಾರಾದರೂ ಕೇಳಿದ್ದುಂಟೆ?

ಇನ್ನು ವರ್ಣತಂತು ಎಂಬ ಪದ. ಒಮ್ಮೆ ವಿಜ್ಞಾನದ ಮಾಸ್ತರರು ರಜೆಯಲ್ಲಿದ್ದಾಗ ಅವರ ಪೀರಿಯಡ್ಡು ನನ್ನ ತಲೆಗೆ ಬಂತು. ಹುಡುಗರು ತೆರೆದ ಪಾಠದಲ್ಲಿ 'ವರ್ಣತಂತು' ಎಂದಿತ್ತು. ನನಗೆ ಗೊತ್ತಿದ್ದುದನ್ನು ಹೇಳಿದೆ: ವರ್ಣದ ತಂತು, ವರ್ಣತಂತು, ತತ್ಪುರುಷ ಸಮಾಸ. ಪಾಠ ಮುಗಿಯಿತು ಎಂದು ಕೂರಬೇಕು, ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ: “ಯಾವ ಬಣ್ಣ ರೀ ಸರ್?” ಬ್ಯಾಡಗಿ ತಾಲೂಕಿನ ಮಾಸ್ತರ ನಾನು, ಬಾಯಿ ತಾನೇ “ಕೆಂಪು” ಅಂದುಬಿಟ್ಟಿತು. ಮಾರನೆಯ ದಿನ ವಿಜ್ಞಾನದ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, ಅವಕ್ಕೆ ಸ್ವಂತ ಬಣ್ಣ ಇಲ್ಲವೆಂದೂ, ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ಹಚ್ಚುವ ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಆ ಹೆಸರು ಬಂತೆಂದೂ ಹೇಳಿದರು. ಹುಡುಗರಿಗೆ ನಾನು ತಿದ್ದಿ ಹೇಳಲಿಲ್ಲ. ಈಗ ಅವರಿಗೆಲ್ಲ ನಲವತ್ತು ದಾಟಿದೆ. ತಮ್ಮೊಳಗೆ ಕೆಂಪು ದಾರಗಳಿವೆ ಎಂದೇ ನಂಬಿ ನೆಮ್ಮದಿಯಿಂದಿದ್ದಾರೆ.

ಬ್ಯಾಡಗಿಯಲ್ಲಿ ಬಣ್ಣದ ವಿಷಯ ಹಗುರವಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. ಡಬ್ಬಿ ಎಂದರೆ ಗಿಡ್ಡಗೆ ದುಂಡಗೆ, ಕಡ್ಡಿ ಎಂದರೆ ಉದ್ದಕ್ಕೆ ತೆಳ್ಳಗೆ. ಎರಡಕ್ಕೂ ಅಜ್ಜಿಯ ಕೈಯಂತೆ ಸುಕ್ಕು. ಅದರ ಬಣ್ಣದ ಎಣ್ಣೆ ತೆಗೆದು ತಿನಿಸಿಗೂ ತುಟಿಗೂ ಬಳಿಯುತ್ತಾರೆ. ಮೆಣಸಿನ ಗಿಡಕ್ಕೆ 12 ಜೊತೆ ವರ್ಣತಂತುಗಳು. ಅದರ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿ ಇರುವುದರಿಂದ ಎಕ್ಸ್, ವೈಗಳ ಗೊಡವೆಯೇ ಇಲ್ಲ. 12ಕ್ಕೆ 12 ಜೊತೆಯೂ ಬೋಧಕೇತರ. ಖಾರ ಇರಬೇಕೋ ಬೇಡವೋ ಎಂಬ ಮುಖ್ಯ ಜೀನು ಅದರ 2ನೆಯ ವರ್ಣತಂತುವಿನಲ್ಲಿದೆ. ಹಣ್ಣು ಕೆಂಪಾಗಬೇಕೋ ಹಳದಿಯಾಗಿ ಉಳಿಯಬೇಕೋ ಎಂಬುದು 6ನೆಯದರಲ್ಲಿದೆ. ಎಷ್ಟು ಖಾರ, ಎಷ್ಟು ಕೆಂಪು ಎಂದು ಹೆಚ್ಚುಕಡಿಮೆ ಮಾಡಲು ಇನ್ನೂ ಹಲವು ಜೀನುಗಳು ಕೈಹಾಕುತ್ತವೆ. ಬೇರೆ ಬೇರೆ ಗಾಡಿ ಹತ್ತಿದವರು ಜೊತೆಯಾಗಿಯೇ ಇಳಿಯಬೇಕೆಂದಿಲ್ಲವಲ್ಲ! ಹಾಗಾಗಿ ಕೆಂಪು ತುಂಬ, ಖಾರ ಕಮ್ಮಿ ಎಂಬ ಗಿಡವನ್ನು ನಮ್ಮ ಹಿರಿಯರು ವರ್ಷ ವರ್ಷ ಒಳ್ಳೆಯ ಕಾಯಿ ನೋಡಿ ಬೀಜಕ್ಕೆಂದು ತೆಗೆದಿಟ್ಟೇ ಉಳಿಸಿಕೊಂಡು ಬಂದರು. ಮನುಷ್ಯನ 2ನೆಯದರಲ್ಲಿ ಸೀನು, ಮೆಣಸಿನಕಾಯಿಯ 2ನೆಯದರಲ್ಲಿ ಖಾರ! ನಾನು ಈ ರಹಸ್ಯ ಕಂಡುಹಿಡಿದ ಉತ್ಸಾಹದಲ್ಲಿ ಸೊಸಿಗೆ ಫೋನು ಮಾಡಿದೆ. “ಮಾಮಾ, ನಂಬರ್ ಒಂದ ಆದ್ರ ಸಂಬಂಧ ಆಗೂದಿಲ್ಲ. ನಿಮ್ಮ ಮನಿ ನಂಬರೂ ಪೋಸ್ಟ್ ಆಫೀಸಿನ ನಂಬರೂ ಒಂದ ಐತಿ,” ಎಂದು ಇಟ್ಟುಬಿಟ್ಟಳು.

ಈ ನಂಬರುಗಳ ಕಥೆಯೂ ಚೆಂದ. 22 ಜೊತೆಗಳನ್ನು ಗಾತ್ರ ನೋಡಿ ಸಾಲಾಗಿ ನಿಲ್ಲಿಸಿ ಅಂಕೆ ಕೊಟ್ಟರು. ದೊಡ್ಡದಕ್ಕೆ 1, ಚಿಕ್ಕದಕ್ಕೆ 22. ಸರ್ಕಾರಿ ಜ್ಯೇಷ್ಠತಾ ಪಟ್ಟಿಯಲ್ಲಿ ಆಗುವುದೇ ಇಲ್ಲೂ ಆಯಿತು: ನಿಜಕ್ಕೂ ಅತಿ ಚಿಕ್ಕದು 21ನೆಯದು. ಅಷ್ಟರಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯದು ಎರಡರ ಬದಲು ಮೂರು ಇರುತ್ತದೆ ಎಂದು ದಾಖಲಾಗಿತ್ತು. ಪಟ್ಟಿ ತಿದ್ದಿದರೆ ಗೊಂದಲವೆಂದು ಹಾಗೇ ಬಿಟ್ಟರು. ಇದಕ್ಕಿಂತ ದೊಡ್ಡ ಎಡವಟ್ಟು ಒಟ್ಟು ಎಣಿಕೆಯದು. 1920ರ ದಶಕದಿಂದ ಮೂರು ದಶಕ ಲೋಕವೆಲ್ಲ ಮನುಷ್ಯನಿಗೆ 48 ವರ್ಣತಂತು ಎಂದೇ ಓದಿತು, ಪರೀಕ್ಷೆಯಲ್ಲಿ ಬರೆದು ಪಾಸೂ ಆಯಿತು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ, ಆಲ್ಬರ್ಟ್ ಲೆವಾನ್ ಸರಿಯಾಗಿ ಎಣಿಸಿ 46 ಎಂದು ಪ್ರಕಟಿಸಿದ್ದು 1956ರಲ್ಲಿ. ನಮ್ಮ ಮನೆಯ ಮದುವೆಯಲ್ಲಿ ಊಟದ ಎಲೆ ಎಣಿಸಿದವರಂತೆ ಅಲ್ಲೂ ಮೊದಲು ಎಣಿಸಿದವರ ಮಾತೇ ನಡೆದಿತ್ತು.

ಅಕ್ಕನ ಮನೆಗೆ ಹೋದಾಗಲೆಲ್ಲ ಬೆಳಗಿನ ವಾಕಿಂಗು ಹೊಲಗಳ ಕಡೆಗೇ. ರಾಣೆಬೆನ್ನೂರಿನ ಸುತ್ತ ಬಿತ್ತನೆಬೀಜದ ಹೊಲಗಳೆಂದರೆ ಅದೊಂದು ಬೇರೆಯೇ ಲೋಕ. ಹೆಣ್ಣುಮಕ್ಕಳು ಸಂಜೆ ಬಂದು ಹತ್ತಿಯ ಮೊಗ್ಗು ಬಿಡಿಸಿ, ಒಳಗಿನ ಕೇಸರವನ್ನು ಉಗುರಿನಿಂದ ತೆಗೆದು ಮುಚ್ಚಿಟ್ಟು ಹೋಗುತ್ತಾರೆ. ಮಾರನೆಯ ಬೆಳಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೂವಿನ ಗಂಡಸುತನ ಕಿತ್ತುಹಾಕುವ ಈ ಕೆಲಸಕ್ಕೆ ಹೆಂಗಸರೇ ಯಾಕೆ ಎಂದು ಕೇಳಿದೆ. ಅವರಲ್ಲಿ ಹಿರಿಯಳೊಬ್ಬಳು ಕೈ ನಿಲ್ಲಿಸದೆಯೇ, “ಮನ್ಯಾಗ ಆಗದ್ದನ್ನ ಹೊಲದಾಗರ ಮಾಡೂಣು ಬಿಡ್ರಿ,” ಎಂದಳು. ಸಾಲಿಗೆ ಸಾಲೇ ನಕ್ಕಿತು. ನಾನು ವಾಕಿಂಗು ಮುಂದುವರಿಸಿದೆ.

ಅಮೆರಿಕದ ಎರಡು ಹತ್ತಿ ಪ್ರಭೇದಗಳನ್ನು ಬೆರೆಸಿ ಪಡೆದ ಮಿಶ್ರತಳಿ ವರಲಕ್ಷ್ಮಿ 1972ರಲ್ಲಿ ಧಾರವಾಡದಲ್ಲಿ ಹುಟ್ಟಿದವಳು. ಅವಳ ತಂಗಿ ಜಯಲಕ್ಷ್ಮಿ, ರೈತರ ಬಾಯಲ್ಲಿ ಡಿಸಿಎಚ್, 1981ರವಳು. ಹೊಲಕ್ಕೆ ಹೊಸ ಸಂಪತ್ತು ಬಂದಾಗ ನಮ್ಮವರು ಹೆಣ್ಣುಮಕ್ಕಳ ಹೆಸರನ್ನೇ ಇಟ್ಟರು ಎಂಬುದನ್ನು ಇಲ್ಲಿ ಒಂದು ಕಡೆ ಗಂಟು ಹಾಕಿಟ್ಟುಕೊಳ್ಳಿ, ಆಮೇಲೆ ಬಿಚ್ಚುತ್ತೇನೆ. ಈ ಮಿಶ್ರ ಬೀಜ ಮೊದಲ ವರ್ಷ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬೆಳೆಯುತ್ತದೆ. ಆಸೆಪಟ್ಟು ಅದರದೇ ಬೀಜ ಹಿಡಿದು ಬಿತ್ತಿದರೆ ಮಾರನೆಯ ವರ್ಷ ಒಂದು ಗಿಡ ಎತ್ತರ, ಒಂದು ಕುಳ್ಳು, ಒಂದಕ್ಕೆ ಕಾಯಿ, ಒಂದಕ್ಕೆ ಬರೀ ಎಲೆ. ಜೊತೆಗಳು ಬಿಡಿಬಿಡಿಯಾಗಿ ಮತ್ತೆ ಹಂಚಿಹೋಗುವ ಈ ಲೆಕ್ಕವನ್ನು ಬಟಾಣಿ ಗಿಡಗಳಲ್ಲಿ ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದವನು ಮೆಂಡೆಲ್ ಎಂಬ ಪಾದ್ರಿ. ಬಟಾಣಿಗೂ ಎಕ್ಸ್ ಇಲ್ಲ, ವೈ ಇಲ್ಲ. ಆನುವಂಶಿಕತೆಯ ಶಾಸ್ತ್ರ ಹುಟ್ಟಿದ್ದೇ ಬೋಧಕೇತರರಿಂದ. ಲಿಂಗದ ವರ್ಣತಂತು ಯಾವುದೆಂದು ನೆಟ್ಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನ ಹುಳದಲ್ಲಿ ಗುರುತಿಸುವ ಹೊತ್ತಿಗೆ 1905 ಆಗಿತ್ತು.

ಕ್ರಾಸಿಂಗ್ ಎಂಬ ಇನ್ನೊಂದು ವ್ಯವಹಾರ ನಮ್ಮೊಳಗೂ ನಡೆಯುತ್ತದೆ. ಅದು ನನಗೆ ತಿಳಿದದ್ದು ಹಾವೇರಿಯ ಏಲಕ್ಕಿ ಹಾರದಿಂದ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದದ್ದನ್ನು ಪೋಣಿಸಿಯೇ ಊರು ಹೆಸರು ಮಾಡಿತು. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಅಲ್ಲಿಗೇ ಬಂದಾಗ ಊರ ತುಂಬ ಏಲಕ್ಕಿಯದೇ ಮಾತು. ನನಗೆ ಹಾರ ಸಿಕ್ಕದ್ದು ನಿವೃತ್ತಿಯ ದಿನ, ಎರಡು. ಒಂದು ಶಾಲೆಯಿಂದ, ಒಂದು ಬೀಗರಿಂದ. ಮನೆಗೆ ತಂದು ಒಂದೇ ಮೊಳೆಗೆ ತೂಗುಹಾಕಿದೆ. ಎರಡೂ ಸಿಕ್ಕುಬಿದ್ದವು. ಬಿಡಿಸಲು ಕೂತ ಸೊಸಿ ತಾಳ್ಮೆಗೆಟ್ಟು ಎರಡನ್ನೂ ಒಂದೇ ಅಳತೆಯಲ್ಲಿ ಕತ್ತರಿಸಿ, ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ ಗಂಟು ಹಾಕಿದಳು. “ಮಾಮಾ, ಇದ ನೋಡ್ರಿ ಕ್ರಾಸಿಂಗ್ ಓವರ್,” ಎಂದಳು.

ಅವಳು ಹೇಳಿದ್ದು ಇಷ್ಟು. ನನ್ನೊಳಗೆ ಅಪ್ಪನ ಹಾರ 22, ಅವ್ವನ ಹಾರ 22. ನಾನು ಮಕ್ಕಳಿಗೆ ಕೊಡಬೇಕಾದಾಗ ಪ್ರತಿ ಜೊತೆಯಿಂದ ಒಂದೇ ಹಾರ ಕೊಡಬೇಕು. ಯಾವುದು ಹೋಗುತ್ತದೆ ಎಂಬುದು ನಾಣ್ಯದ ಆಟ. ಹಾಗೆ ಆರಿಸಿ ಕೊಡಲು 41,94,304 ಬಗೆಗಳಿವೆ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಜನ 16 ಲಕ್ಷದ ಹತ್ತಿರ. ಅಂಥ ಎರಡೂವರೆ ಜಿಲ್ಲೆಗೆ ಒಬ್ಬರಂತೆ ಒಬ್ಬರಿಲ್ಲದೆ ಹಂಚಬಹುದು. ಇದು ಹಾರಗಳನ್ನು ಇಡಿಯಾಗಿ ಕೊಟ್ಟಾಗಿನ ಲೆಕ್ಕ. ನಿಜದಲ್ಲಿ ಕೊಡುವ ಮೊದಲು ಜೊತೆ ಹಾರಗಳು ಒಂದರ ಪಕ್ಕ ಒಂದು ನಿಂತು, ಅಲ್ಲಲ್ಲಿ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಗಂಟು ಬೀಳುತ್ತವೆ. ಆಗ ಬಗೆಗಳಿಗೆ ಲೆಕ್ಕವೇ ಇಲ್ಲ. ಸಂಸಾರದುದ್ದಕ್ಕೂ ಒಂದೇ ಮಾತಿಗೆ ಒಪ್ಪದ ನಮ್ಮ ಅಪ್ಪ ಅವ್ವ ಈಗ ನನ್ನ ಮಗಳೊಳಗೆ ಒಂದೇ ದಾರದಲ್ಲಿ ಗಂಟು ಬಿದ್ದು ಕೂತಿದ್ದಾರೆ. ಅವರು ಬದುಕಿದ್ದಾಗ ಇದನ್ನು ಹೇಳಿದ್ದರೆ ಯಾರು ಮೇಲೆ, ಯಾರು ಕೆಳಗೆ ಎಂದು ಜಗಳ ತೆಗೆಯುತ್ತಿದ್ದರು.

ಇಷ್ಟು ಹೊತ್ತು ಅಕ್ಕನ ಮಗಳನ್ನು ಸೊಸಿ ಎನ್ನುತ್ತಿದ್ದೇನೆ. ಮಗನ ಹೆಂಡತಿಯೂ ಸೊಸಿಯೇ. ಅಪ್ಪನ ತಂಗಿಯೂ ಅತ್ತಿ, ಹೆಂಡತಿಯ ಅವ್ವನೂ ಅತ್ತಿ. ಮಾವ, ಅಳಿಯ ಎಲ್ಲಕ್ಕೂ ಎರಡೆರಡು ಅರ್ಥ. ಸಂಬಂಧದೊಳಗೇ ಒಂದು ಮದುವೆ ಆದರೂ ಹೊಸ ಪದ ಬೇಕಾಗದಂತೆ ನಮ್ಮ ಭಾಷೆ ಮೊದಲೇ ವ್ಯವಸ್ಥೆ ಮಾಡಿಕೊಂಡಿದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳನ್ನು ವಿಚಾರಿಸಿದಾಗ ನೂರಕ್ಕೆ 31 ಮದುವೆಗಳು ಸಂಬಂಧದೊಳಗಿನವು ಎಂದು ಕಂಡಿತ್ತು. ಸೋದರಮಾವನಿಗೆ ಅಕ್ಕನ ಮಗಳು, ಸೋದರತ್ತೆಯ ಮಗನಿಗೆ ಸೋದರಮಾವನ ಮಗಳು.

ನಮ್ಮ ಅತ್ತಿಯನ್ನೂ ಸೋದರಮಾವನಿಗೇ ಕೊಟ್ಟಿದ್ದರು. ಹೊಲ ಒಡೆಯಲಿಲ್ಲ, ಬಂಗಾರ ಹೊರಗೆ ಹೋಗಲಿಲ್ಲ. ಅವರ ಎರಡನೆಯ ಮಗ ಹುಟ್ಟುಕಿವುಡ. ಗ್ರಹಣದ ದಿನ ಅತ್ತಿ ಕಾಯಿಪಲ್ಯ ಹೆಚ್ಚಿದ್ದಳಂತೆ. ಮನೆಯವರು ಸಾಯುವತನಕ ಅದನ್ನೇ ಅಂದರು, ಅತ್ತಿ ಸಾಯುವತನಕ ಅದನ್ನೇ ನಂಬಿದಳು. ಏಲಕ್ಕಿ ಹಾರದಲ್ಲಿ ಒಂದು ಕಾಯಿ ಜೊಳ್ಳಾಗಿದ್ದರೆ ತೊಂದರೆಯಿಲ್ಲ, ಜೊತೆಯ ಹಾರದಲ್ಲಿ ಅದೇ ಜಾಗದ ಕಾಯಿ ಗಟ್ಟಿ ಇರುತ್ತದೆ. ಎಲ್ಲರ ಹಾರದಲ್ಲೂ ಒಂದಿಷ್ಟು ಜೊಳ್ಳು ಇರುವುದೇ. ಆದರೆ ಮಾವ ಸೊಸೆ ಒಂದೇ ಮನೆಯ ಹಾರದ ಕಾಲು ಭಾಗವನ್ನು ಹಂಚಿಕೊಂಡಿರುತ್ತಾರೆ. ಜೊಳ್ಳಿನ ಮೇಲೆ ಜೊಳ್ಳು ಬಂದು ಕೂರುವ ಸಂಭವ ಏರುತ್ತದೆ. ಹುಟ್ಟುಕಿವುಡಿಗೆ ಕಾರಣವಾಗುವ ಜೀನುಗಳಲ್ಲಿ ಒಂದು 13ನೆಯ ವರ್ಣತಂತುವಿನಲ್ಲಿದೆ; ಒಂದು ಪ್ರತಿ ಕೆಟ್ಟರೆ ಕಿವಿ ಕೇಳುತ್ತದೆ, ಎರಡೂ ಕೆಟ್ಟರೆ ಇಲ್ಲ. ಇಂಥ ಮದುವೆಗಳ ಹೆಚ್ಚಿನ ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ನಿಜ. ಕೆಟ್ಟಾಗ ಮಾತ್ರ ಕೆಡುಕು ಅವ್ವನೊಬ್ಬಳಿಂದ ಬಂದದ್ದಲ್ಲ, ಅರ್ಧ ಅಪ್ಪನದು. ಈ ಅರ್ಧವನ್ನು ಅತ್ತಿಗೆ ಯಾರಾದರೂ ಹೇಳಬೇಕಿತ್ತು.

ಅತ್ತಿಯ ಆ ಮಗ, ನನ್ನ ಓರಗೆಯವನು, ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿಯೇ ಡಬ್ಬಿ ಕಡ್ಡಿ ಬೇರೆ ಮಾಡುತ್ತಿದ್ದ. ಅಜ್ಜ ಹೊಸ್ತಿಲು ದಾಟಿದ ಕೂಡಲೇ ಅವನು ಮೂರು ಬೆರಳು ಎತ್ತಿ, ಒಂದೊಂದೇ ಮಡಚುತ್ತ ನಗುತ್ತಿದ್ದ. ಓಣಿಯವರೆಲ್ಲ ಕೇಳಿದ ಸೀನನ್ನು ಅವನು ನೋಡಿಯೇ ಎಣಿಸುತ್ತಿದ್ದ.

ಈಗ ಆ ವರಲಕ್ಷ್ಮಿ, ಜಯಲಕ್ಷ್ಮಿಯರ ಗಂಟು ಬಿಚ್ಚುವ ಹೊತ್ತು. ಹೊಲದ ಸಂಪತ್ತಿಗೆ ಹೆಣ್ಣಿನ ಹೆಸರಿಟ್ಟ ನಾವು ವಂಶಕ್ಕೆ ಮಾತ್ರ ಗಂಡಿನ ಹೆಸರು ಹೇಳುತ್ತೇವೆ. ವಂಶೋದ್ಧಾರಕ ಎಂಬ ಪದವನ್ನು ನಾನು ಎಷ್ಟೋ ವರ್ಷ ಸಮಾಸಕ್ಕೆ ಉದಾಹರಣೆಯಾಗಿ ಕೊಟ್ಟವನು. ಗಂಡುಮಗನಿಂದಲೇ ವಂಶ ಎಂಬ ಮಾತಿಗೆ ವಿಜ್ಞಾನದಲ್ಲಿ ಸಿಗುವ ಆಧಾರ ಒಂದು ಪುಟ್ಟ ವೈ. ಮಿಕ್ಕ 22 ಹಾರಗಳು ಮಗ ಮಗಳು ಎಂದು ನೋಡುವುದಿಲ್ಲ, ಇಬ್ಬರಿಗೂ ಸರಿಸಮ ಪಾಲು. ನಮ್ಮ ಮನೆಯ ಗುರುತಾದ ಸೀನು ನನ್ನ ಮಗನನ್ನು ಬಿಟ್ಟು ಮಗಳ ಕೈ ಹಿಡಿದು ಹುಬ್ಬಳ್ಳಿಗೆ ಹೋಗಿದೆ, ಬೀಗರ ಅಂಗಳದಲ್ಲಿ ಮೂರು ಸಲ ಸದ್ದು ಮಾಡುತ್ತಿದೆ. ಕುಲದ ಬಡಿವಾರವನ್ನು ಕನಕದಾಸರು ಪ್ರಶ್ನಿಸಿದ್ದು ನಮ್ಮ ತಾಲೂಕಿನ ಕಾಗಿನೆಲೆಯಿಂದಲೇ. ಅದನ್ನು ಓದಿಸಿ ಸಂಬಳ ಪಡೆದವನು ನಾನು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ನಾನು ಇದನ್ನು ಗೆಳೆಯರ ಎದುರು ಬಲವಾಗಿ ಸಮರ್ಥಿಸಿದವನೂ ಹೌದು.

ಅಪ್ಪ ತೀರಿಕೊಂಡು ವರ್ಷವಾದ ಮೇಲೆ, ಒಂದು ಮಾರ್ಚಿಯ ಗುರುವಾರ, ಅಕ್ಕ ರಾಣೆಬೆನ್ನೂರಿನಿಂದ ಬೆಳಗಿನ ಬಸ್ಸಿಗೆ ಬಂದಳು. ನಾಲ್ಕು ಎಕರೆಯಲ್ಲಿ ತನ್ನ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರ. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. “ನನಗೇನ ಮಾಡೂದೈತಿ ಹೊಲಾ, ತವರಮನಿ ಬಾಗಲಾ ತೆರದಿದ್ರ ಸಾಕು,” ಎಂದು ಎಲ್ಲ ಅಕ್ಕಂದಿರು ಹೇಳುವುದನ್ನೇ ಅವಳೂ ಹೇಳಿದ್ದಳು. ನಾನು ಎಲ್ಲ ತಮ್ಮಂದಿರು ಮಾಡುವುದನ್ನೇ ಮಾಡಿ ಒಂದು ಇಳಕಲ್ ಸೀರೆ ತಂದಿಟ್ಟಿದ್ದೆ. ನೋಂದಣಿ ಕಚೇರಿಯ ಒಳಗೆ ಹಗಲೇ ಕತ್ತಲು. ಅಕ್ಕ ಹೆಬ್ಬೆಟ್ಟು ಒತ್ತಿದಳು, ಸಹಿ ಮಾಡಿದಳು, ಫೋಟೋಕ್ಕೆ ಮುಖ ಕೊಟ್ಟಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

ಬಾಗಿಲು ದಾಟಿ ಇಬ್ಬರೂ ಹೊರಗೆ ಬಂದೆವು. ಮಾರ್ಚಿಯ ಹನ್ನೊಂದು ಗಂಟೆಯ ಬಿಸಿಲು ಮುಖಕ್ಕೆ ಹೊಡೆಯಿತು. ಅಕ್ಕ ಸೀನಿದಳು. ಒಂದು, ಎರಡು, ಮೂರು. ಅದೇ ಓಣಿ ಎಬ್ಬಿಸುವ ಸದ್ದು. ಹಿಂದೆಯೇ ನಾನೂ ಮೂರು ಸೀನಿದೆ. ಮಾರುಕಟ್ಟೆಯ ದಿನವಾದ್ದರಿಂದ ಕಟ್ಟೆಯ ಮೇಲೆ ಕೂತ ಬಾಂಡ್ ರೈಟರು ತಲೆ ಎತ್ತದೆ “ಇವತ್ತ ಘಾಟ ಭಾಳ ಐತ್ರಿ” ಎಂದರು.

ಅಕ್ಕ ನನ್ನನ್ನು ನೋಡಿದಳು. ಮೂಗಿಗೆ ಸೆರಗು ಹಿಡಿದವಳ ಕಣ್ಣು ನಗುತ್ತಿತ್ತೋ, ಬಿಸಿಲಿಗೆ ನೀರಾಡಿತ್ತೋ.

“ತಮ್ಮಾ, ಇದನ್ನೂ ನಿನ್ನ ಹೆಸರಿಗೆ ಬರದ ಕೊಡಬೇಕೇನೋ?”